ಪೋರ್ಕ್ ಚಾಪ್ ಒಣಗುತ್ತದೆ, ಸಾಸ್ ಒಡೆಯುತ್ತದೆ: ನಾನು ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ: ಸಂಜೆಅಡುಗೆ

ಎಲ್ಲರಿಗೂ ನಮಸ್ಕಾರ. ಪೋರ್ಕ್ ಚಾಪ್ ಹುರಿದು, ಅದೇ ಬಾಣಲೆಯಲ್ಲಿ ಐದು ನಿಮಿಷದಲ್ಲಿ ಒಂದು ಸಾಸ್ ಮಾಡಿಕೊಳ್ಳುವುದನ್ನು ಕಲಿಯಬೇಕೆಂದು ಹೊರಟು ಸತತವಾಗಿ ಮೂರು ಭಾನುವಾರ ಸೋತಿದ್ದೇನೆ. ಮೀನು ಮತ್ತು ಕೋಳಿ ನನ್ನ ಕೈಗೆ ಹತ್ತಿವೆ. ಹಂದಿಮಾಂಸ ಮಾತ್ರ ಪ್ರತಿ ಸಲವೂ ಚಪ್ಪಲಿಯ ಅಟ್ಟೆಯಾಗುತ್ತದೆ. ಎಲ್ಲಿ ತಪ್ಪುತ್ತಿದೆ ಎಂದು ನಿಮಗೆ ಗೊತ್ತಾಗಲೆಂದು, ಕಳೆದ ಸಲ ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ತಂದದ್ದು ಮೂಳೆಯಿಲ್ಲದ ಚಾಪ್‌ಗಳು, ಬೆನ್ನಿನ ಭಾಗದ್ದು. ದಪ್ಪ ಒಂದೂಕಾಲು ಸೆಂಟಿಮೀಟರ್ ಇರಬಹುದು. ಫ್ರಿಜ್‌ನಿಂದ ತೆಗೆದು, ನಲ್ಲಿಯ ಕೆಳಗೆ ತೊಳೆದು, ಉಪ್ಪು ಮತ್ತು ಕಾಳುಮೆಣಸಿನ ಪುಡಿ ಹಚ್ಚಿ, ಹದಿನೈದು ನಿಮಿಷ ಬಿಟ್ಟೆ. ನಾನ್‌ಸ್ಟಿಕ್ ಬಾಣಲೆಯಲ್ಲಿ ಬೆಣ್ಣೆ ಕರಗಿಸಿ, ಮಧ್ಯಮ ಉರಿಯಲ್ಲಿ ನಾಲ್ಕು ಚಾಪ್‌ಗಳನ್ನೂ ಒಟ್ಟಿಗೆ ಇಟ್ಟೆ. ಹಂದಿಮಾಂಸ ಸ್ವಲ್ಪವೂ ಹಸಿ ಇರಬಾರದು ಎಂದು ಚಿಕ್ಕಂದಿನಿಂದ ಕೇಳಿದ್ದರಿಂದ ಒಂದೊಂದು ಬದಿಗೂ ಎಂಟು ನಿಮಿಷ ಕೊಟ್ಟೆ. ಚಾಪ್‌ಗಳ ಅಂಚು ಮೇಲಕ್ಕೆದ್ದು ಬಟ್ಟಲಿನಂತಾದವು, ಬಾಣಲೆಯ ತುಂಬ ನೀರು ಬಿಟ್ಟು ಅದರಲ್ಲೇ ಕುದಿದವು, ಬಣ್ಣ ಒದ್ದೆ ಸಿಮೆಂಟಿನದು. ಆಮೇಲೆ ಮಾಂಸವನ್ನು ತೆಗೆದಿಟ್ಟು, ಅದೇ ಬಾಣಲೆಗೆ ಈರುಳ್ಳಿ ಹಾಕಿ, ಸ್ಟಾಕ್ ಕ್ಯೂಬ್ (ಮಾಂಸದ ಸಾರಿನ ರುಚಿಯ ಒಣ ಬಿಲ್ಲೆ) ಕರಗಿಸಿದ ಒಂದು ಲೋಟ ನೀರು ಸುರಿದು, ಕುದಿಯುತ್ತಿರುವಾಗಲೇ ಬೆಣ್ಣೆ ಸೇರಿಸಿದೆ. ಸಿಕ್ಕಿದ್ದು ಉಪ್ಪುಪ್ಪಾದ ತಿಳಿನೀರು, ಅದರ ಮೇಲೆ ತೇಲುವ ಹಳದಿ ಎಣ್ಣೆ.

ಎಷ್ಟು ಹೊತ್ತು ಬೇಯಿಸಬೇಕು, ಒಳಗೆ ಗುಲಾಬಿ ಬಣ್ಣ ಉಳಿದರೆ ತಿನ್ನಬಹುದೇ, ಸಾಸ್ ಯಾಕೆ ಒಡೆಯುತ್ತದೆ: ಈ ಮೂರನ್ನು ದಯವಿಟ್ಟು ತಿಳಿಸಿ. ವೈನ್ ಇಲ್ಲದೆ ಈ ಸಾಸ್ ಆಗುವುದೇ ಇಲ್ಲವೇ ಎಂಬುದನ್ನೂ ಹೇಳಿದರೆ ಉಪಕಾರ.

ಉತ್ತರ: ಉರಿಮುಂದೆ

ನೀವು ಇಷ್ಟು ವಿವರವಾಗಿ ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ನಿಮಗೆ ಬೇರೆ ಬೇರೆಯಾಗಿ ಕಾಣುತ್ತಿರುವ ತಪ್ಪುಗಳ ಮೂಲ ಬಹುಮಟ್ಟಿಗೆ ಒಂದೇ, ಅದು ನೀರು. ಮಾಂಸದ ಮೇಲ್ಮೈಯಲ್ಲಿ ನೀರಿರುವ ತನಕ ಅಲ್ಲಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಪ್ರೋಟೀನ್ ಮತ್ತು ಸಕ್ಕರೆಯ ಅಂಶಗಳು ಕೂಡಿ ಕಂದು ಬಣ್ಣ ಮತ್ತು ಹುರಿದ ಪರಿಮಳವನ್ನು ಕೊಡುವ ಕ್ರಿಯೆಯನ್ನು 1912ರಲ್ಲಿ ಮೊದಲು ವಿವರಿಸಿದ ಫ್ರೆಂಚ್ ರಸಾಯನವಿಜ್ಞಾನಿ ಮಯಾರ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅದು ಅಡುಗೆಮನೆಯಲ್ಲಿ ಕಣ್ಣಿಗೆ ಕಾಣುವ ವೇಗದಲ್ಲಿ ನಡೆಯಬೇಕಾದರೆ ಸುಮಾರು 140 ಡಿಗ್ರಿಯಾದರೂ ಬೇಕು. ನೀವು ತೊಳೆದು ಒದ್ದೆ ಮಾಡಿದಿರಿ, ಉಪ್ಪು ಹಚ್ಚಿ ಇನ್ನಷ್ಟು ನೀರು ಬರಿಸಿದಿರಿ, ನಾಲ್ಕನ್ನೂ ಒತ್ತೊತ್ತಾಗಿ ಇಟ್ಟು ಆವಿ ಹೊರಗೆ ಹೋಗದಂತೆ ಮಾಡಿದಿರಿ. ಅಲ್ಲಿಗೆ ನೀವು ಮಾಂಸವನ್ನು ಹುರಿದಂತಾಗಲಿಲ್ಲ, ಬೇಯಿಸಿದಂತಾಯಿತು.

ಮಾಂಸವನ್ನು ತೊಳೆಯಲೇಬೇಡಿ. ತೊಳೆದರೆ ರೋಗಾಣುಗಳು ಹೋಗುವುದಿಲ್ಲ; ನೀರಿನ ಹನಿಗಳ ಜೊತೆಗೆ ಹಾರಿ ಸಿಂಕಿಗೂ ಪಕ್ಕದ ಪಾತ್ರೆಗಳಿಗೂ ಹರಡುತ್ತವೆ. ಪೇಪರ್ ಟವೆಲ್‌ನಿಂದ ಒತ್ತಿ ಒಣಗಿಸಿದರೆ ಸಾಕು. ಒಂದು ಹಾಳೆ ಒದ್ದೆಯಾದ ಮೇಲೆ ಎರಡನೆಯದನ್ನು ತೆಗೆದುಕೊಳ್ಳಿ, ಅದು ಹೆಚ್ಚುಕಡಿಮೆ ಒಣಗಿಯೇ ಬಂದರೆ ಮಾಂಸ ಸಿದ್ಧವಾಗಿದೆ ಎಂದು ತಿಳಿಯಿರಿ.

ಉಪ್ಪಿನ ವಿಷಯಕ್ಕೆ ಬಂದರೆ, ನೀವು ಆರಿಸಿಕೊಂಡ ಹದಿನೈದು ನಿಮಿಷವೇ ಅತ್ಯಂತ ಕೆಟ್ಟ ಹೊತ್ತು. ಉಪ್ಪು ಮೊದಲು ಮಾಂಸದ ಒಳಗಿನ ನೀರನ್ನು ಹೊರಗೆಳೆಯುತ್ತದೆ, ಆ ನೀರಿನಲ್ಲಿ ತಾನೇ ಕರಗುತ್ತದೆ, ಮುಕ್ಕಾಲು ಗಂಟೆ ಕಳೆದ ಮೇಲೆ ಆ ಉಪ್ಪುನೀರು ನಿಧಾನವಾಗಿ ಮತ್ತೆ ಒಳಗೆ ಹೀರಲ್ಪಡುತ್ತದೆ. ಒಳಗೆ ಹೋದ ಉಪ್ಪು ಸ್ನಾಯುವಿನ ಪ್ರೋಟೀನುಗಳನ್ನು ಸ್ವಲ್ಪ ಸಡಿಲಗೊಳಿಸುವುದರಿಂದ ಬೇಯುವಾಗ ಮಾಂಸ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಉಪ್ಪನ್ನು ಬಾಣಲೆಗೆ ಹಾಕುವ ಕ್ಷಣದಲ್ಲಿ ಹಚ್ಚಿ, ಇಲ್ಲವೇ ಕನಿಷ್ಠ 45 ನಿಮಿಷ ಮೊದಲು ಹಚ್ಚಿ; ನಡುವಿನ ಹೊತ್ತು ಬೇಡ. ನನ್ನ ರೂಢಿಯೆಂದರೆ ಹಿಂದಿನ ರಾತ್ರಿಯೇ ಮಾಂಸದ ತೂಕದ ನೂರಕ್ಕೆ ಒಂದರಷ್ಟು ಉಪ್ಪು, ಅಂದರೆ ಒಂದು ಕಿಲೋಗೆ 10 ಗ್ರಾಂ, ಎಲ್ಲ ಕಡೆಗೂ ಹಚ್ಚಿ, ತಂತಿಯ ಜಾಲರಿಯ ಮೇಲಿಟ್ಟು, ಏನನ್ನೂ ಮುಚ್ಚದೆ ಫ್ರಿಜ್‌ನಲ್ಲಿ ಬಿಡುವುದು. ಬೆಳಿಗ್ಗೆ ಮುಟ್ಟಿ ನೋಡಿದರೆ ಮೇಲ್ಮೈ ಕಾಗದದ ಹಾಗೆ ಒಣಗಿ ಸ್ವಲ್ಪ ಅಂಟಂಟಾಗಿರುತ್ತದೆ. ಅಂಥ ಚಾಪ್ ಬಾಣಲೆಗೆ ಬಿದ್ದ ಒಂದು ನಿಮಿಷದಲ್ಲೇ ಬಣ್ಣ ತಿರುಗುತ್ತದೆ. ಒಂದು ಎಚ್ಚರಿಕೆಯಿದೆ. ಕೆಲವು ಕಡೆ ಮಾರುವ ಪ್ಯಾಕೆಟ್ ಮಾಂಸಕ್ಕೆ ಮೊದಲೇ ಉಪ್ಪುನೀರನ್ನು ಚುಚ್ಚಿರುತ್ತಾರೆ, ಅದನ್ನು ಲೇಬಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದಕ್ಕೆ ಮತ್ತೆ ಉಪ್ಪು ಹಾಕಿದರೆ ತಿನ್ನಲಾಗುವುದಿಲ್ಲ.

ದಪ್ಪದ ಬಗ್ಗೆ ನಾನು ಹಟಮಾರಿ. ಒಂದೂಕಾಲು ಸೆಂಟಿಮೀಟರ್ ಚಾಪ್‌ನಲ್ಲಿ ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗಿನ ಹದ ಮೀರಿರುತ್ತದೆ. ಮೂರು ಸೆಂಟಿಮೀಟರ್‌ಗೆ ಸಮೀಪದ, ಮೂಳೆ ಸಮೇತದ ಪಕ್ಕೆಲುಬಿನ ಚಾಪ್ ಕೇಳಿ ಪಡೆಯಿರಿ, ನಾಲ್ಕು ತೆಳುವಿನ ಬದಲು ಎರಡು ದಪ್ಪ. ಮೂಳೆಯಿಂದ ಮಾಂಸಕ್ಕೆ ರುಚಿ ಇಳಿಯುತ್ತದೆ ಎನ್ನುವ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆದರೆ ಮೂಳೆಯ ಪಕ್ಕದ ಮಾಂಸ ನಿಧಾನವಾಗಿ ಬೇಯುವುದು ನಿಜ, ಆ ಭಾಗವನ್ನು ಕೈಯಲ್ಲಿ ಹಿಡಿದು ಕಚ್ಚಿ ತಿನ್ನುವ ಸುಖವೂ ನಿಜ. ಇನ್ನು ಚಾಪ್ ಬಟ್ಟಲಿನಂತಾಗುವುದಕ್ಕೆ ಕಾರಣ ಅಂಚಿನ ಕೊಬ್ಬಿಗೂ ಮಾಂಸಕ್ಕೂ ನಡುವಿನ ತೆಳುವಾದ ಬಿಳಿ ಪೊರೆ. ಅದು ಕಾವಿಗೆ ಮಾಂಸಕ್ಕಿಂತ ಬೇಗ ಸೆಟೆದುಕೊಂಡು, ಲಾಡಿ ಎಳೆದ ಚೀಲದಂತೆ ಚಾಪನ್ನು ಬಿಗಿಯುತ್ತದೆ. ಕೊಬ್ಬಿನ ಹೊರಗಿನಿಂದ ಆ ಪೊರೆ ತುಂಡಾಗುವಷ್ಟು ಆಳಕ್ಕೆ, ಎರಡೆರಡು ಬೆರಳಿನ ಅಂತರದಲ್ಲಿ, ಚೂರಿಯಿಂದ ಕಚ್ಚು ಹಾಕಿದರೆ ಚಾಪ್ ಮಟ್ಟಸವಾಗಿ ಕೂರುತ್ತದೆ.

ಹುರಿಯುವಾಗ ಬೆಣ್ಣೆ ಬೇಡ, ಅದರಲ್ಲಿರುವ ಹಾಲಿನ ಅಂಶ ಈ ಉರಿಗೆ ಸೀದುಹೋಗುತ್ತದೆ. ರಿಫೈನ್ ಮಾಡಿದ ಯಾವುದಾದರೂ ಎಣ್ಣೆ ಒಂದು ದೊಡ್ಡ ಚಮಚ ಸಾಕು. ಎಣ್ಣೆ ನೀರಿನಂತೆ ತೆಳುವಾಗಿ ಹರಿದಾಡುತ್ತ, ಹೊಗೆಯ ಮೊದಲ ಎಳೆ ಕಾಣಿಸಿದಾಗ ಚಾಪ್ ಇಡಿ. ಇಟ್ಟ ಕೂಡಲೇ ಚುಂಯ್ ಎಂಬ ಸದ್ದು ಬರಬೇಕು ಮತ್ತು ಆ ಸದ್ದು ಕಡಿಮೆಯಾಗಬಾರದು. ಸದ್ದು ಮೆತ್ತಗಾಗಿ ಪಿಸಪಿಸ ಎನ್ನತೊಡಗಿದರೆ ನೀರು ಕೂಡಿಕೊಳ್ಳುತ್ತಿದೆ ಎಂದು ಅರ್ಥ. ಎರಡು ಬದಿಗೂ ಒಳ್ಳೆಯ ಬಣ್ಣ ಬಂದ ಮೇಲೆ ಉರಿಯನ್ನು ಮಧ್ಯಮಕ್ಕೆ ಇಳಿಸಿ, ನಿಮಿಷಕ್ಕೊಮ್ಮೆ ಮಗುಚುತ್ತ ಹೋಗಿ. ಕೊನೆಗೆ ಎರಡನ್ನೂ ಇಕ್ಕಳದಲ್ಲಿ ಜೊತೆಯಾಗಿ ಹಿಡಿದು ಕೊಬ್ಬಿನ ಅಂಚಿನ ಮೇಲೆ ಒಂದು ನಿಮಿಷ ನಿಲ್ಲಿಸಿ. ಇಲ್ಲದಿದ್ದರೆ ಆ ಕೊಬ್ಬು ರಬ್ಬರಿನಂತೆ ಉಳಿಯುತ್ತದೆ. ಮೂರು ಸೆಂಟಿಮೀಟರ್ ಚಾಪ್‌ಗೆ ಒಟ್ಟು ಎಂಟರಿಂದ ಹತ್ತು ನಿಮಿಷ ಹಿಡಿಯಬಹುದು, ಆದರೆ ಗಡಿಯಾರವನ್ನು ನೆಚ್ಚಿಕೊಳ್ಳಬೇಡಿ, ಥರ್ಮಾಮೀಟರ್ ಕೊಳ್ಳಿ. ಅದರ ಮೊನೆಯನ್ನು ಚಾಪ್‌ನ ಪಕ್ಕದಿಂದ, ಮೂಳೆಗೆ ತಾಗದಂತೆ, ನಟ್ಟನಡುವಿಗೆ ಚುಚ್ಚಿ ನೋಡಬೇಕು.

ಗುಲಾಬಿ ಬಣ್ಣದ ಭಯಕ್ಕೆ ಹಿಂದೆ ಕಾರಣವಿತ್ತು. ಟ್ರೈಕಿನೆಲ್ಲಾ ಎಂಬ ಸಣ್ಣ ಹುಳು ಹಂದಿಯ ಸ್ನಾಯುವಿನಲ್ಲಿ ಸೇರಿಕೊಂಡು ಸರಿಯಾಗಿ ಬೇಯದ ಮಾಂಸದ ಮೂಲಕ ಮನುಷ್ಯರಿಗೆ ಬರುತ್ತಿತ್ತು. ಆದರೆ ಅದು 60 ಡಿಗ್ರಿಯಲ್ಲಿ ಒಂದು ನಿಮಿಷದೊಳಗೆ ಸಾಯುತ್ತದೆ. ಅಮೆರಿಕದ ಕೃಷಿ ಇಲಾಖೆಯು ಇಡೀ ತುಂಡಿನ ಹಂದಿಮಾಂಸಕ್ಕೆ ತಾನು ಹೇಳುತ್ತಿದ್ದ 71 ಡಿಗ್ರಿಯನ್ನು 2011ರಲ್ಲಿ 63ಕ್ಕೆ ಇಳಿಸಿತು. ಜೊತೆಗೆ ಒಲೆಯಿಂದ ಇಳಿಸಿದ ಮೇಲೆ ಮೂರು ನಿಮಿಷ ಬಿಡಬೇಕು ಎಂದಿತು. ಕೊಚ್ಚಿದ ಮಾಂಸಕ್ಕೆ 71 ಈಗಲೂ ಹಾಗೆಯೇ ಇದೆ, ಏಕೆಂದರೆ ಕೊಚ್ಚಿದಾಗ ಹೊರಮೈಯ ರೋಗಾಣುಗಳು ಒಳಗೆಲ್ಲ ಹರಡಿರುತ್ತವೆ. ಕಾಡುಹಂದಿಯ ಮಾಂಸಕ್ಕೂ ಈ ರಿಯಾಯಿತಿ ಬೇಡ. 63 ಡಿಗ್ರಿಯ ಚಾಪ್ ನಡುವೆ ತಿಳಿಗುಲಾಬಿಯಾಗಿ ಕಾಣುತ್ತದೆ, ಅದು ತಿನ್ನಲು ಯೋಗ್ಯ. ಬಣ್ಣವನ್ನು ನೋಡಿ ತೀರ್ಮಾನಿಸುವುದು ಹೇಗೂ ನಂಬಲರ್ಹವಲ್ಲ. ಇದೇ 63ಕ್ಕೂ ನಿಮ್ಮ ದವಡೆಗೂ ಸಂಬಂಧವಿದೆ: ಸ್ನಾಯುವಿನ ಪ್ರೋಟೀನುಗಳಲ್ಲಿ ಮಯೋಸಿನ್ ಎಂಬುದು 50 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗಿ ಮಾಂಸಕ್ಕೆ ಹಿತವಾದ ಬಿಗಿ ಕೊಡುತ್ತದೆ, ಆಕ್ಟಿನ್ ಎಂಬುದು 66 ದಾಟಿದ ಮೇಲೆ ಸೆಟೆದು ಒಳಗಿನ ರಸವನ್ನು ಬಟ್ಟೆ ಹಿಂಡಿದಂತೆ ಹಿಂಡಿ ಹಾಕುತ್ತದೆ. ನೀವು ಒಟ್ಟು ಹದಿನಾರು ನಿಮಿಷ ಕೊಟ್ಟಾಗ ಆ ತೆಳು ಚಾಪ್ 80 ದಾಟಿರಲಿಕ್ಕೂ ಸಾಕು.

ನಾನು 60ಕ್ಕೆ ಇಳಿಸುತ್ತೇನೆ. ಹೊರಗಿನ ಕಾವು ಒಳಕ್ಕೆ ಸರಿಯುವುದರಿಂದ ತಟ್ಟೆಯ ಮೇಲೆ ಕೂತಾಗಲೂ ಅದು ಮೂರರಿಂದ ಐದು ಡಿಗ್ರಿ ಏರುತ್ತದೆ. ಏರಿತೋ ಇಲ್ಲವೋ ಎಂದು ಮತ್ತೊಮ್ಮೆ ಚುಚ್ಚಿ ನೋಡಿ, 63 ಮುಟ್ಟದಿದ್ದರೆ ಅರ್ಧ ನಿಮಿಷ ಮತ್ತೆ ಬಾಣಲೆಗೆ ಹಾಕಿ. ಹೀಗೆ ಚಾಪ್ ಕೂತಿರುವ ಐದಾರು ನಿಮಿಷವೇ ಸಾಸ್ ಮಾಡುವ ಸಮಯ. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ, ಹಾಗಾಗಿ ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

ಉತ್ತರ: ತಳದರುಚಿ

ಮೇಲಿನವರು ಮಾಂಸದ ಪಾಲನ್ನು ಹೇಳಿಯಾಗಿದೆ, ನಾನು ಬಾಣಲೆಯ ತಳದಿಂದ ಶುರುಮಾಡುತ್ತೇನೆ. ಈ ಸಾಸ್‌ಗೆ ಬೇಕಾದದ್ದು ಚಾಪ್ ಹುರಿದಾಗ ತಳಕ್ಕೆ ಹತ್ತಿದ ಕಂದು ಪದರ. ಇಂಗ್ಲಿಷ್ ಅಡುಗೆ ಬರಹಗಳಲ್ಲಿ ಅದಕ್ಕೆ ಫಾಂಡ್ ಎನ್ನುತ್ತಾರೆ, ಪದ ಫ್ರೆಂಚಿನಿಂದ ಬಂದದ್ದು. ನಾನ್‌ಸ್ಟಿಕ್ ಬಾಣಲೆ ಇರುವುದೇ ಏನೂ ಹತ್ತಬಾರದೆಂದು. ಆದ್ದರಿಂದ ಅದರಲ್ಲಿ ನೀವು ಎಷ್ಟೇ ಜಾಣತನದಿಂದ ಹುರಿದರೂ ಸಾಸ್‌ಗೆ ಬಂಡವಾಳವೇ ಹುಟ್ಟುವುದಿಲ್ಲ. ದಪ್ಪ ತಳದ ಸ್ಟೀಲ್ ಬಾಣಲೆಯನ್ನು ಬಳಸಿ. ಮೊದಲು ಚಾಪ್ ಅಂಟಿಕೊಂಡಾಗ ಗಾಬರಿಪಟ್ಟು ಕೀಳಬೇಡಿ, ಬಣ್ಣ ಕಟ್ಟಿದ ಮೇಲೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ.

ಚಾಪ್ ತೆಗೆದ ಮೇಲೆ ಒಲೆ ಆರಿಸಿ, ಬಾಣಲೆಯನ್ನು ಬೆಳಕಿಗೆ ಓರೆಮಾಡಿ ತಳವನ್ನು ನೋಡಿ. ಬೆಲ್ಲದ ಬಣ್ಣದಿಂದ ಕಾಫಿಪುಡಿಯ ಬಣ್ಣದವರೆಗೆ ಎಲ್ಲವೂ ಒಳ್ಳೆಯದೇ. ಕಪ್ಪಾಗಿ, ಮೂಗಿಗೆ ಸೀದ ಘಾಟು ಬರುತ್ತಿದ್ದರೆ ಮನಸ್ಸು ಗಟ್ಟಿಮಾಡಿ ಬಾಣಲೆಯನ್ನು ತೊಳೆದುಬಿಡಿ. ಸೀದ ಕಹಿಯನ್ನು ಬೆಣ್ಣೆಯಾಗಲಿ ಸಕ್ಕರೆಯಾಗಲಿ ಮುಚ್ಚಲಾರದು. ನಾನು ಒಮ್ಮೆ ಅತಿಥಿಗಳ ಮುಂದೆ ಮುಚ್ಚಲು ಹೋಗಿ ಕೆನೆ, ಜೇನುತುಪ್ಪ ಎರಡನ್ನೂ ಸುರಿದು, ಸಿಹಿಯೂ ಕಹಿಯೂ ಆದ ಒಂದು ವಿಚಿತ್ರವನ್ನು ಬಡಿಸಿದ್ದೇನೆ. ತಳ ಸರಿಯಿದ್ದರೆ, ನಿಂತಿರುವ ಕೊಬ್ಬನ್ನು ಬಗ್ಗಿಸಿ ಒಂದು ಚಮಚದಷ್ಟು ಮಾತ್ರ ಉಳಿಸಿಕೊಳ್ಳಿ. ನಿಮ್ಮ ಸಾಸ್‌ನ ಮೇಲೆ ತೇಲಿದ ಹಳದಿ ಎಣ್ಣೆಯಲ್ಲಿ ಒಂದು ಪಾಲು ಹೀಗೆ ಬಗ್ಗಿಸದೆ ಬಿಟ್ಟ ಕೊಬ್ಬು.

ಈಗ ಮಧ್ಯಮ ಉರಿಯಲ್ಲಿ ಒಂದು ಸಣ್ಣ ಈರುಳ್ಳಿಯನ್ನು ಅಕ್ಕಿಕಾಳಿನಷ್ಟು ಸಣ್ಣದಾಗಿ ಹೆಚ್ಚಿ ಹಾಕಿ, ಒಂದು ನಿಮಿಷ ಬಾಡಿಸಿ. ಈರುಳ್ಳಿ ಬಿಡುವ ನೀರಿಗೇ ತಳದ ಕಂದು ಸ್ವಲ್ಪ ಸ್ವಲ್ಪ ಏಳತೊಡಗುವುದನ್ನು ನೋಡಬಹುದು. ಆಮೇಲೆ ದ್ರವ. ವೈನ್ ಇಲ್ಲದೆ ಆಗುವುದೇ ಇಲ್ಲವೇ ಎಂದು ಕೇಳಿದ್ದೀರಿ: ಖಂಡಿತ ಆಗುತ್ತದೆ. ತಳದ ಕಂದಿನಲ್ಲಿರುವ ರುಚಿಯ ಬಹುಪಾಲು ನೀರಿನಲ್ಲಿಯೇ ಕರಗುತ್ತದೆ; ವೈನ್ ಹುಳಿಯನ್ನೂ ತನ್ನದೊಂದು ಪರಿಮಳವನ್ನೂ ಸೇರಿಸುತ್ತದೆಯೇ ಹೊರತು ಕರಗಿಸುವ ಮಂತ್ರವೇನೂ ಅದರಲ್ಲಿಲ್ಲ. ಸಿಹಿ ಬೆರೆಸದ ಸೇಬಿನ ರಸ 100 ಮಿಲಿಲೀಟರ್ ಮತ್ತು ಒಂದು ಚಮಚ ವಿನೆಗರ್ ಹಂದಿಮಾಂಸಕ್ಕೆ ವೈನ್‌ಗಿಂತಲೂ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ವೈನನ್ನೇ ಹಾಕುವುದಾದರೆ ಬಾಣಲೆಯನ್ನು ಉರಿಯಿಂದ ಪಕ್ಕಕ್ಕೆ ಸರಿಸಿ ಸುರಿಯಿರಿ, ಇಲ್ಲವಾದರೆ ಆವಿಗೆ ಬೆಂಕಿ ಹತ್ತಿಕೊಳ್ಳಬಹುದು. ದ್ರವ ಬಿದ್ದ ಕೂಡಲೇ ಬಾಣಲೆ ಭುಸ್ಸೆನ್ನುತ್ತದೆ. ಆಗ ಮರದ ಸೌಟಿನ ಚಪ್ಪಟೆ ಅಂಚಿನಿಂದ ತಳವನ್ನು ಉಜ್ಜಿ ಎಬ್ಬಿಸಿ. ಅರ್ಧ ನಿಮಿಷದಲ್ಲಿ ತಳ ಹೊಳೆಯುವ ಸ್ಟೀಲ್ ಆಗಿ, ದ್ರವ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ತಳದಲ್ಲಿ ಎರಡು ಚಮಚದಷ್ಟು ಉಳಿಯುವ ತನಕ ಬತ್ತಿಸಿ.

ನಂತರ 150 ಮಿಲಿಲೀಟರ್ ಸ್ಟಾಕ್. ಇಲ್ಲಿ ಕ್ಯೂಬ್ ನಿಮಗೆ ಎರಡು ರೀತಿಯಲ್ಲಿ ಕೈಕೊಟ್ಟಿದೆ. ಕ್ಯೂಬ್‌ನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಉಪ್ಪು, ಮತ್ತು ಬತ್ತಿಸುವಾಗ ಹೋಗುವುದು ನೀರು ಮಾತ್ರ; ಒಂದು ಲೋಟ ಮೂರರಲ್ಲೊಂದು ಪಾಲಿಗೆ ಇಳಿದಾಗ ಉಪ್ಪಿನ ಸಾಂದ್ರತೆ ಮೂರು ಪಟ್ಟಾಗಿರುತ್ತದೆ. ಎರಡನೆಯದಾಗಿ, ಮನೆಯಲ್ಲಿ ಮೂಳೆ ಕುದಿಸಿ ಮಾಡಿದ ಸ್ಟಾಕ್‌ನಲ್ಲಿ ಜೆಲಟಿನ್ ಇರುತ್ತದೆ. ಫ್ರಿಜ್‌ನಲ್ಲಿಟ್ಟರೆ ಅದು ಹಲ್ವದಂತೆ ಅಲುಗಾಡುವುದು ಅದರಿಂದಲೇ. ಸಾಸ್‌ಗೆ ತುಟಿಗೆ ಅಂಟುವ ಮೈ ಬರುವುದು ಆ ಜೆಲಟಿನ್‌ನಿಂದ. ಕ್ಯೂಬ್‌ನ ನೀರನ್ನು ಎಷ್ಟು ಬತ್ತಿಸಿದರೂ ಅದು ಉಪ್ಪುನೀರಾಗಿಯೇ ಉಳಿಯುತ್ತದೆ. ಮನೆಯ ಸ್ಟಾಕ್ ಇಲ್ಲದಿದ್ದರೆ, ಉಪ್ಪಿಲ್ಲದ ಅಥವಾ ಉಪ್ಪು ಕಡಿಮೆಯಿರುವ ಸ್ಟಾಕನ್ನು ತಣ್ಣಗೆ ಇಟ್ಟುಕೊಂಡು, ಅದರ ಮೇಲೆ ರುಚಿಯಿಲ್ಲದ ಜೆಲಟಿನ್ ಪುಡಿಯನ್ನು ಒಂದು ಸಣ್ಣ ಚಮಚ ಉದುರಿಸಿ ಐದು ನಿಮಿಷ ನೆನೆಯಲು ಬಿಡಿ, ಆಮೇಲೆ ಬಾಣಲೆಗೆ ಸುರಿಯಿರಿ. ಆ ಪುಡಿಯನ್ನೂ ಹಲವು ಕಡೆ ಹಂದಿಯ ಚರ್ಮದಿಂದಲೇ ಮಾಡುತ್ತಾರೆ, ಅಂಥದ್ದಾದರೆ ಅದು ತವರಿಗೇ ಬಂದಂತೆ.

ಜೋರು ಉರಿಯಲ್ಲಿ ಮೂರು ನಾಲ್ಕು ನಿಮಿಷ ಕುದಿಸಿ. ಸಾಕಾಯಿತೇ ಎಂದು ತಿಳಿಯಲು ಸೌಟಿನಿಂದ ತಳದ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ಕೂಡಲೇ ಮುಚ್ಚಿಕೊಂಡರೆ ಇನ್ನೂ ತೆಳು, ಒಂದು ಕ್ಷಣ ದಾರಿ ಬಿಟ್ಟು ಆಮೇಲೆ ಸೋಮಾರಿಯಂತೆ ಕೂಡಿಕೊಂಡರೆ ಹದ ಬಂದಿದೆ. ಗುಳ್ಳೆಗಳೂ ಆಗ ಸಣ್ಣದಾಗಿದ್ದವು ದೊಡ್ಡದಾಗಿ, ನಿಧಾನವಾಗಿ ಏಳುತ್ತವೆ. ಈ ಹಂತದಲ್ಲಿ ಒಂದು ಸಣ್ಣ ಚಮಚ ಸಾಸಿವೆ ಪೇಸ್ಟ್ ಕದಡಿ. ಅದು ಖಾರಕ್ಕೆ ಮಾತ್ರವಲ್ಲ, ಕೊಬ್ಬನ್ನೂ ನೀರನ್ನೂ ಕೂಡಿಸಿ ಹಿಡಿಯುವ ಗುಣವೂ ಸಾಸಿವೆಯಲ್ಲಿದೆ.

ಇನ್ನು ಸಾಸ್ ಒಡೆಯುವ ವಿಷಯ. ಬೆಣ್ಣೆಯೇ ಒಂದು ಮಿಶ್ರಣ: ನೂರಕ್ಕೆ ಸುಮಾರು 80 ಪಾಲು ಕೊಬ್ಬು, ಉಳಿದದ್ದು ನೀರು ಮತ್ತು ಒಂದಿಷ್ಟು ಹಾಲಿನ ಅಂಶ. ಆ ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಸಾಸ್‌ನ ನೀರಿನಲ್ಲಿ ಹರಡಿಕೊಂಡರೆ ಸಾಸ್ ಮಂದವಾಗಿ ಹೊಳೆಯುತ್ತದೆ. ಹನಿಗಳು ಒಂದಕ್ಕೊಂದು ಕೂಡಿಕೊಂಡರೆ ಎಣ್ಣೆಯಾಗಿ ಮೇಲೆ ಬರುತ್ತದೆ. ಕುದಿಯುವ ಸಾಸ್‌ಗೆ ಬೆಣ್ಣೆ ಹಾಕಿದರೆ ಅದು ಹರಡಿಕೊಳ್ಳಲು ಸಮಯವೇ ಸಿಗದೆ ಒಮ್ಮೆಲೇ ಕರಗಿ ಬೇರೆಯಾಗುತ್ತದೆ. ಆದ್ದರಿಂದ ಒಲೆಯನ್ನು ಪೂರ್ತಿ ಆರಿಸಿ, ಕುದಿ ನಿಂತ ಮೇಲೆ, ಫ್ರಿಜ್‌ನಿಂದ ಆಗತಾನೇ ತೆಗೆದ 30 ಗ್ರಾಂ ತಣ್ಣನೆಯ ಬೆಣ್ಣೆಯನ್ನು ನಾಲ್ಕು ತುಂಡು ಮಾಡಿ, ಒಂದು ಕರಗುತ್ತ ಬಂದಾಗ ಇನ್ನೊಂದರಂತೆ ಹಾಕಿ, ಬಾಣಲೆಯನ್ನು ಹಿಡಿಯಿಂದ ಹಿಡಿದು ಗುಂಡಗೆ ತೂಗುತ್ತ ಇರಿ. ತಣ್ಣಗಿರುವುದರಿಂದ ಅದು ನಿಧಾನವಾಗಿ ಕರಗುತ್ತದೆ, ತೂಗುವುದರಿಂದ ಹನಿಗಳು ಸಣ್ಣದಾಗಿ ಒಡೆಯುತ್ತವೆ. ಉಪ್ಪನ್ನು ಕಟ್ಟಕಡೆಗೆ ರುಚಿ ನೋಡಿ ಹಾಕಿ, ಬೇಕಾಗದೆಯೂ ಇರಬಹುದು. ನಾಲ್ಕು ಹನಿ ನಿಂಬೆರಸ ಸಾಕು, ಸಾಸ್ ಎಚ್ಚರಗೊಂಡಂತಾಗುತ್ತದೆ.

ಬೆಣ್ಣೆಯ ಬದಲು ಕೆನೆ ಬಳಸುವವರಿಗೆ ಒಂದು ಮಾತು: ಕೊಬ್ಬಿನಂಶ ನೂರಕ್ಕೆ 35ರಷ್ಟಿರುವ ಗಟ್ಟಿ ಕೆನೆ ಹುಳಿಯೊಂದಿಗೆ ಕುದಿದರೂ ತಾಳಿಕೊಳ್ಳುತ್ತದೆ, ಹಾಲು ತಾಳುವುದಿಲ್ಲ, ಒಡೆದು ಗಿಣ್ಣಿನಂತಾಗುತ್ತದೆ.

ಉತ್ತರ: ಹಳೆಕಬ್ಬಿಣ

ಮೇಲಿನ ಇಬ್ಬರ ಮಾತುಗಳಲ್ಲಿ ಹೆಚ್ಚಿನವನ್ನು ಒಪ್ಪುತ್ತೇನೆ, ಆದರೆ ನಿಮಿಷಕ್ಕೊಮ್ಮೆ ಮಗುಚುವುದನ್ನು ಒಪ್ಪಲಾರೆ. ಜೋರು ಉರಿಯಲ್ಲಿ ಹುರಿದು ಮೇಲ್ಮೈಯನ್ನು ಮುಚ್ಚಿಬಿಟ್ಟರೆ ರಸ ಒಳಗೇ ಉಳಿಯುತ್ತದೆ, ಪದೇ ಪದೇ ಕೆದಕಿದರೆ ಆ ಮುಚ್ಚಳ ಬಿರಿಯುತ್ತದೆ ಎಂದು ನನಗೆ ಕಲಿಸಿದವರು ಹೇಳಿದ್ದರು. ನಾನು ಇಪ್ಪತ್ತು ವರ್ಷಗಳಿಂದ ಒಂದೇ ಸಲ ಮಗುಚುತ್ತಿದ್ದೇನೆ, ನನ್ನ ಚಾಪ್ ಯಾವತ್ತೂ ಒಣಗಿಲ್ಲ.

ಇದರ ಜೊತೆಗೆ, ಪ್ರಶ್ನೆ ಕೇಳಿದವರಿಗೆ ದಪ್ಪ ಚಾಪ್ ಸಿಗದಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ತೆಳು ಚಾಪನ್ನು ಹುರಿಯುವ ಮೊದಲು ಕಾಲು ಗಂಟೆ ಫ್ರೀಜರ್‌ನಲ್ಲಿಡಿ. ಗಟ್ಟಿಯಾಗಬೇಕಿಲ್ಲ, ಒಳಗೆ ಚೆನ್ನಾಗಿ ತಣಿದರೆ ಸಾಕು. ಒರಸಿ, ಒಂದು ಬದಿಗೆ ಮಾತ್ರ ಚಿಟಿಕೆ ಸಕ್ಕರೆ ಉದುರಿಸಿ, ಆ ಬದಿಯನ್ನೇ ಕೆಳಗೆ ಮಾಡಿ ಜೋರು ಉರಿಯಲ್ಲಿ ಎರಡೂವರೆ ನಿಮಿಷ ಅಲುಗಿಸದೆ ಬಿಡಿ. ಮಗುಚಿದ ಮೇಲೆ ಮುಕ್ಕಾಲು ನಿಮಿಷ ಸಾಕಾಗುತ್ತದೆ. ಕೆಳಗಿನ ಬದಿಗೆ ಬಣ್ಣ ಬರುವುದಿಲ್ಲ, ಬರದಿರಲಿ. ಬಣ್ಣ ಬಂದ ಬದಿಯನ್ನು ಮೇಲೆ ಮಾಡಿ ಬಡಿಸಿದರೆ ಯಾರೂ ತಿರುಗಿಸಿ ನೋಡುವುದಿಲ್ಲ. ಸಾಸ್‌ಗೆ ಬೇಕಾದ ಕಂದೂ ಆ ಒಂದೇ ಬದಿಯಿಂದ ಸಿಗುತ್ತದೆ. ನನ್ನದು ಬೀಡುಕಬ್ಬಿಣದ ಬಾಣಲೆ. ಚೆನ್ನಾಗಿ ಪಳಗಿದ್ದರೆ ನಿಂಬೆರಸಕ್ಕೂ ವೈನಿಗೂ ಹೆದರಬೇಕಿಲ್ಲ, ಆದರೆ ಹುಳಿಯನ್ನು ಅದರಲ್ಲಿ ಬಹಳ ಹೊತ್ತು ಕುದಿಸಿದರೆ ಕಬ್ಬಿಣದ ಒಗರು ಸಾಸ್‌ಗೆ ಇಳಿಯುತ್ತದೆ. ಕಪ್ಪು ಬಾಣಲೆಯಲ್ಲಿ ತಳದ ಬಣ್ಣ ಕಾಣುವುದಿಲ್ಲವಾದ್ದರಿಂದ ಮೂಗಿನಿಂದಲೇ ಹದ ತಿಳಿಯಬೇಕು.

ಉತ್ತರ: ಉರಿಮುಂದೆ

ತೆಳು ಚಾಪ್‌ನ ಉಪಾಯಕ್ಕೆ ನನ್ನ ಪೂರ್ಣ ಸಹಮತವಿದೆ, ಅದನ್ನು ನಾನೇ ಹೇಳಬೇಕಿತ್ತು. ರಸವನ್ನು ಮುಚ್ಚಿಡುವ ಮಾತು ಮಾತ್ರ ಹಳೆಯದು, ಸರಿಯಲ್ಲ. 19ನೇ ಶತಮಾನದ ನಡುಭಾಗದಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಲೀಬಿಗ್ ಅದನ್ನು ಪ್ರಚುರಪಡಿಸಿದರು, ಅವರ ಹೆಸರಿನ ಭಾರಕ್ಕೆ ಅಡುಗೆಯವರೆಲ್ಲ ಒಪ್ಪಿಕೊಂಡರು. 1930ರ ದಶಕದಲ್ಲಿ ಹುರಿದ ಮಾಂಸವನ್ನೂ ಹುರಿಯದ ಮಾಂಸವನ್ನೂ ತೂಗಿ ನೋಡಿದಾಗ, ಹುರಿದದ್ದು ರಸವನ್ನು ಹೆಚ್ಚಾಗಿ ಉಳಿಸಿಕೊಂಡಿರಲಿಲ್ಲ. ನಿಮ್ಮದೇ ಬಾಣಲೆಯಲ್ಲಿ ಪರೀಕ್ಷಿಸಬಹುದು. ಮೇಲ್ಮೈ ನಿಜವಾಗಿ ಮುಚ್ಚಿಹೋಗಿದ್ದರೆ ಚುಂಯ್ ಎನ್ನುವ ಸದ್ದು ನಿಲ್ಲಬೇಕಿತ್ತು, ಏಕೆಂದರೆ ಆ ಸದ್ದೇ ಹೊರಬಂದ ರಸ ಆವಿಯಾಗುವ ಸದ್ದು. ತಟ್ಟೆಯ ಮೇಲೆ ಇಟ್ಟ ಚಾಪ್‌ನ ಕೆಳಗೆ ರಸ ಕೂಡುವುದನ್ನೂ ನೀವು ನೋಡಿರುತ್ತೀರಿ. ಹುರಿಯುವುದು ರುಚಿಗಾಗಿ, ರಸ ಉಳಿಯುವುದು ಒಳಗಿನ ಉಷ್ಣತೆಯನ್ನು ಅಂಕೆಯಲ್ಲಿಟ್ಟರೆ.

ಮೇಲಿಂದ ಮೇಲೆ ಮಗುಚಿದರೆ ಯಾವ ಬದಿಯೂ ಅತಿಯಾಗಿ ಕಾಯುವುದಿಲ್ಲ, ಯಾವ ಬದಿಯೂ ಪೂರ್ತಿ ಆರುವುದಿಲ್ಲ. ಅಂಚಿನ ಬೂದು ಪಟ್ಟಿ ತೆಳುವಾಗುತ್ತದೆ, ಬೇಯುವ ಹೊತ್ತೂ ಕಡಿಮೆಯಾಗುತ್ತದೆ. ಒಂದೇ ಸಲ ಮಗುಚಿಯೂ ನಿಮ್ಮ ಚಾಪ್ ಒಣಗದಿರುವುದಕ್ಕೆ ಇಪ್ಪತ್ತು ವರ್ಷದಲ್ಲಿ ಪಳಗಿದ ನಿಮ್ಮ ಕೈ ಕಾರಣವಿರಬೇಕು, ಅದನ್ನು ಹೊಸಬರಿಗೆ ಬರೆದು ಕಳಿಸಲಾಗುವುದಿಲ್ಲವಲ್ಲ.

ಉತ್ತರ: ಹಳೆಕಬ್ಬಿಣ

ಸದ್ದಿನ ಮಾತು ಯೋಚಿಸುವಂತೆ ಮಾಡಿತು. ಆದರೂ ಒಂದೇ ಸಲ ಮಗುಚುವುದನ್ನು ನಾನು ಬಿಡುವುದಿಲ್ಲ, ಇಷ್ಟು ವರ್ಷದ ಅಭ್ಯಾಸ.

ಪ್ರಶ್ನೆ ಕೇಳಿದವರಿಂದ: ಸಂಜೆಅಡುಗೆ

ಎಲ್ಲರಿಗೂ ಧನ್ಯವಾದಗಳು. ನಾಲ್ಕನೇ ಭಾನುವಾರದ ವರದಿಯನ್ನು ಒಪ್ಪಿಸುತ್ತಿದ್ದೇನೆ. ಮೂಳೆ ಸಮೇತದ ಎರಡು ಚಾಪ್‌ಗಳು, ಅಳೆದು ನೋಡಿದಾಗ ಎರಡು ಮುಕ್ಕಾಲು ಸೆಂಟಿಮೀಟರ್ ದಪ್ಪ ಇದ್ದವು. ಶನಿವಾರ ರಾತ್ರಿಯೇ ತೂಕಮಾಡಿ ಉಪ್ಪು ಹಚ್ಚಿ ಜಾಲರಿಯ ಮೇಲಿಟ್ಟೆ. ಬಾಣಲೆಗೆ ಇಟ್ಟಾಗ ಬಂದ ಸದ್ದಿಗೆ ಪಕ್ಕದ ಕೋಣೆಯಿಂದ ಮನೆಯವರು ಎದ್ದು ಬಂದರು. ಮೊದಲು ಅಂಟಿಕೊಂಡಿತು, ಕೈಕಟ್ಟಿ ನಿಂತೆ, ಎರಡು ನಿಮಿಷಕ್ಕೆ ಇಕ್ಕಳ ತಾಗಿಸಿದ ಕೂಡಲೇ ಬಿಟ್ಟುಕೊಂಡಿತು. ಎಂಟೂವರೆ ನಿಮಿಷಕ್ಕೆ 60 ಡಿಗ್ರಿ, ತಟ್ಟೆಯ ಮೇಲೆ ಐದು ನಿಮಿಷಕ್ಕೆ 64. ಕತ್ತರಿಸಿದಾಗ ಒಳಗೆ ತಿಳಿಗುಲಾಬಿ, ಚೂರಿಯ ಹಿಂದೆಯೇ ರಸ. ಮೊದಲ ತುಂಡನ್ನು ಅಂಜುತ್ತಲೇ ಬಾಯಿಗಿಟ್ಟೆ, ಎರಡನೆಯದಕ್ಕೆ ಅಂಜಿಕೆ ಇರಲಿಲ್ಲ.

ಸಾಸ್ ಸೇಬಿನ ರಸದಿಂದ ಮಾಡಿದೆ. ಗೆರೆ ಎಳೆದಾಗ ದಾರಿ ಬಿಟ್ಟಿತು, ಬೆಣ್ಣೆ ಸೇರಿದಾಗ ರೇಷ್ಮೆಯಂತೆ ಹೊಳೆಯಿತು. ಆದರೆ ಅಷ್ಟರಲ್ಲಿ ಒಂದು ಫೋನ್ ಬಂತು. ಬಾಣಲೆಯನ್ನು ಬಿಸಿ ಒಲೆಯ ಮೇಲೆಯೇ ಬಿಟ್ಟು ಮಾತಾಡಿ ಬರುವಷ್ಟರಲ್ಲಿ ಸಾಸ್ ಅಂಟಿನಂತೆ ಗಟ್ಟಿಯಾಗಿ, ಅಂಚಿನಲ್ಲಿ ಎಣ್ಣೆಯ ಉಂಗುರ ಕಟ್ಟಿತ್ತು. ಹಾಗೆಯೇ ಬಡಿಸಿದೆವು. ಅದನ್ನು ಸರಿಪಡಿಸುವ ದಾರಿ ಇದೆಯೇ?

ಉತ್ತರ: ತಳದರುಚಿ

ಇದೆ, ಸುಲಭವೂ ಹೌದು. ಒಲೆಯ ಕಾವಿಗೆ ನೀರು ಆವಿಯಾಗಿ ಕೊಬ್ಬಿನ ಪಾಲು ಹೆಚ್ಚಾದ್ದರಿಂದ ಸಾಸ್ ಒಡೆದಿದೆ, ಹೋದ ನೀರನ್ನು ವಾಪಸು ಕೊಟ್ಟರೆ ಕೂಡಿಕೊಳ್ಳುತ್ತದೆ. ಬಾಣಲೆಯನ್ನು ಒಲೆಯಿಂದ ಇಳಿಸಿ, ಒಂದು ದೊಡ್ಡ ಚಮಚ ನೀರು ಹಾಕಿ ಜೋರಾಗಿ ತೂಗಿ, ಅಥವಾ ಸಣ್ಣ ವಿಸ್ಕ್‌ನಿಂದ ಕಡೆಯಿರಿ. ಉಂಗುರ ಮಾಯವಾಗುವ ತನಕ ಅರ್ಧರ್ಧ ಚಮಚ ಸೇರಿಸುತ್ತ ಹೋಗಿ. ಮತ್ತೆ ಬೆಣ್ಣೆ ಹಾಕಬೇಡಿ, ಹೆಚ್ಚಾಗಿರುವುದೇ ಅದು.

ನೀರಿಗಿಂತ ಒಳ್ಳೆಯ ವಸ್ತು ನಿಮ್ಮ ಪಕ್ಕದಲ್ಲೇ ಇತ್ತು. ಚಾಪ್ ಐದು ನಿಮಿಷ ಕೂತ ತಟ್ಟೆಯನ್ನು ಓರೆ ಮಾಡಿದರೆ ಒಂದೆರಡು ಚಮಚ ರಸ ಹರಿದು ಬರುತ್ತದೆ, ಮುಂದಿನ ಸಲ ಅದನ್ನೇ ಸುರಿಯಿರಿ. ಅದರಲ್ಲಿ ನೀವು ಹಿಂದಿನ ರಾತ್ರಿ ಹಚ್ಚಿದ ಉಪ್ಪು ಇರುವುದರಿಂದ, ಸಾಸ್‌ನ ಉಪ್ಪನ್ನು ಆ ರಸ ಸೇರಿಸಿದ ಮೇಲೆಯೇ ನೋಡಿ.